ಜೋಳಿಗೆ ಹಿಡಿದ ವ್ಯಾಯಾಮ ಗುರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ನಸುಕಿನಲ್ಲಿ ಮೈದಾನಕ್ಕೆ ಹೋದರೆ ಪೊಲೀಸ್ ನೇಮಕಾತಿಗಾಗಿ 1600 ಮೀಟರ್ ಓಡುವ ಹುಡುಗರು ಸಿಗುತ್ತಾರೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬರಲಿಲ್ಲವೆಂದರೆ ಅನೇಕರ ಓಟ ಅಲ್ಲಿಗೇ ನಿಲ್ಲುತ್ತದೆ. ಹಾಗಾದರೆ ಕಸರತ್ತು ಮಾಡಿ ಗಟ್ಟಿಯಾದ ಮೈ ನೌಕರಿಗೆ ಮಾತ್ರವೇ? ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಬದುಕು ಇದಕ್ಕೆ ಬೇರೆಯದೇ ಉತ್ತರ ಕೊಡುತ್ತದೆ.

ಸ್ವಾಮೀಜಿ ಬಾಲ್ಯ ಕಳೆದದ್ದು ಕರಾವಳಿಯಲ್ಲಿ. ಆಗಿನ ಹೆಸರು ಕುಮಾರಸ್ವಾಮಿ. ಮೈಯಲ್ಲಿ ಶಕ್ತಿಯಿಲ್ಲದ, ಸದಾ ಕಾಯಿಲೆಯ ಹುಡುಗ. ಯೋಗ ಆ ಹುಡುಗನನ್ನು ಗಟ್ಟಿಮುಟ್ಟಾಗಿಸಿತು. ಮುಂದೆ ಊರೂರು ಸುತ್ತಿ ಗುರುಗಳನ್ನು ಹುಡುಕಿದರು. ಬರೋಡೆಯಲ್ಲಿ ರಾಜರತ್ನ ಮಾಣಿಕರಾವ್ ಅವರ ಬಳಿ ವ್ಯಾಯಾಮ ವಿದ್ಯೆ ಕಲಿತರು. ಮಾಣಿಕರಾವ್ ಕುಸ್ತಿ, ಮಲ್ಲಕಂಬಗಳ ಜೊತೆಗೆ ಮುರಿದ ಮೂಳೆ ಕೂಡಿಸುವುದರಲ್ಲೂ ಹೆಸರಾದವರು. ಗರಡಿ ಮನೆಯಲ್ಲಿ ಬಿದ್ದವನನ್ನು ಎಬ್ಬಿಸಿ ಗುಣಪಡಿಸುವುದೂ ಗುರುವಿನ ಕೆಲಸವೇ ಆಗಿತ್ತು. ಜಪಾನಿನಲ್ಲೂ ಜೂಡೋ ಗುರುಗಳು ಮೂಳೆ ಕೂಡಿಸುತ್ತಿದ್ದರು. 1920ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಮಾನ್ಯತೆಯನ್ನೂ ನೀಡಿತು.

ಸ್ವಾಮೀಜಿ ಆಯುರ್ವೇದವನ್ನೂ ಕಲಿತರು. ಹಳ್ಳಿಹಳ್ಳಿಗೆ ಹೋಗಿ ಯೋಗ ಶಿಬಿರ ನಡೆಸುತ್ತ, ರೋಗಿಗಳಿಗೆ ಔಷಧಿ ಕೊಡುತ್ತ ನಡೆದರು. 1943ರಲ್ಲಿ ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ನೆಲೆ ನಿಂತು ಅನಾಥ ಸೇವಾಶ್ರಮ ಕಟ್ಟಿದರು. ಕೈಯಲ್ಲಿ ಬಂಡವಾಳವಿರಲಿಲ್ಲ, ಹೆಗಲಲ್ಲಿ ಜೋಳಿಗೆಯಿತ್ತು. ಬೇಡಿ ತಂದದ್ದರಿಂದಲೇ ಶಾಲೆ, ಆಸ್ಪತ್ರೆ, ವ್ಯಾಯಾಮ ಶಿಕ್ಷಣ ಸಂಸ್ಥೆ, ಆಯುರ್ವೇದ ಕಾಲೇಜು ಒಂದೊಂದಾಗಿ ಎದ್ದು ನಿಂತವು.

ಬೇಡುವುದಕ್ಕೆ ಅವರು ನಾಚಲಿಲ್ಲ. ತಮಗಾಗಿ ಬೇಡಲೂ ಇಲ್ಲ. ಬರೆಯುವಾಗ ‘ತಿರುಕ’ ಎಂಬ ಹೆಸರನ್ನೇ ಇಟ್ಟುಕೊಂಡರು. ‘ಬೃಹತ್ ಯೋಗ ದರ್ಶನ’ ಅವರ ಯೋಗ ಜ್ಞಾನದ ಗ್ರಂಥ. ಆತ್ಮಕಥೆಗೆ ಕೊಟ್ಟ ಹೆಸರು ‘ಜೋಳಿಗೆ ಪವಾಡ’. ನೂರು ವರ್ಷ ದಾಟಿದ ತುಂಬು ಜೀವನ ನಡೆಸಿ, 1996ರ ಆಗಸ್ಟ್ 31ರಂದು ತೀರಿಕೊಂಡರು.

ಅವರ ಕಾಲ ಬೇರೆ, ನಮ್ಮ ಕಾಲ ಬೇರೆ ನಿಜ. ಹೊಟ್ಟೆಪಾಡಿಗೆ ನೌಕರಿ ಬೇಕೇ ಬೇಕು, ಜೋಳಿಗೆ ಹಿಡಿದು ಹೊರಡಲು ಎಲ್ಲರಿಗೂ ಆಗದು. ಆದರೆ ಹುದ್ದೆಗಳು ನೂರಿದ್ದರೆ ಓಡುವವರು ಸಾವಿರಾರು. ಉಳಿದವರು ಕಲಿತದ್ದು ವ್ಯರ್ಥವಾಗಬೇಕಿಲ್ಲ. ಊರಿನ ತಾಲೀಮಿನಲ್ಲಿ ಹತ್ತು ಮಕ್ಕಳಿಗೆ ದಂಡ, ಬೈಠಕ್, ಸೂರ್ಯನಮಸ್ಕಾರ ಹೇಳಿಕೊಡಲು ಯಾವ ನೇಮಕಾತಿ ಆದೇಶವೂ ಬೇಕಿಲ್ಲ. ಕಾಯಿಲೆಯ ಹುಡುಗನೊಬ್ಬ ತಾನು ಗಟ್ಟಿಯಾದ ಮೇಲೆ ಮಾಡಿದ್ದೂ ಇದನ್ನೇ.