ಮೂರು ಶಿಖರಗಳಿಗೆ ದಾರಿ ತೋರಿದ ಸೆಪ್ ಇನ್ನರ್‌ಕೋಫ್ಲರ್

ಇಟಲಿಯ ಉತ್ತರ ಗಡಿಗೆ ಸಮೀಪದ ಡೊಲೊಮೈಟ್ ಪರ್ವತಶ್ರೇಣಿಯಲ್ಲಿ ಒಂದರ ಪಕ್ಕ ಒಂದು ಸೆಟೆದು ನಿಂತ ಮೂರು ಶಿಲಾಶಿಖರಗಳಿವೆ. ಇಟಾಲಿಯನ್ನರಿಗೆ ಅವು ತ್ರೆ ಚಿಮೆ, ಜರ್ಮನ್ ಭಾಷಿಕರಿಗೆ ದ್ರೈ ತ್ಸಿನ್ನೆನ್. ನಡುವಿನ ದೊಡ್ಡ ಶಿಖರದ ಎತ್ತರ 2,999 ಮೀಟರ್. ಮೂರು ಸಾವಿರಕ್ಕೆ ಒಂದೇ ಮೀಟರ್ ಕಡಿಮೆ. ಬೇಸಿಗೆಯಲ್ಲಿ ಮಿಸುರಿನಾ ಸರೋವರದ ಕಡೆಯಿಂದ ಏರುವ ರಸ್ತೆ 2,320 ಮೀಟರ್ ಎತ್ತರದ ಔರೊಂಜೊ ತಂಗುದಾಣದವರೆಗೂ ವಾಹನಗಳನ್ನು ಒಯ್ಯುತ್ತದೆ. ಅಲ್ಲಿಂದ ಕಾಲುದಾರಿ. ಲವರೆದೊ ಎಂಬ ಕಣಿವೆಮಾರ್ಗವನ್ನು ದಾಟಿದೊಡನೆ ಶಿಖರಗಳ ಉತ್ತರದ ಗೋಡೆಗಳು ಏಕಾಏಕಿ ಕಣ್ಣಿಗೆ ಬೀಳುತ್ತವೆ. ಅವುಗಳಿಗೆ ಎದುರಾಗಿ, ಮತ್ತೊಂದು ತಂಗುದಾಣ. ಅದರ ಚರಿತ್ರೆಯನ್ನು ಸೆಪ್ ಇನ್ನರ್‌ಕೋಫ್ಲರ್ ಅವರ ಹೆಸರಿಲ್ಲದೆ ಹೇಳಲಾಗದು.

ಸೆಪ್ ಜನಿಸಿದ್ದು 1865ರ ಅಕ್ಟೋಬರ್ 28ರಂದು, ಶಿಖರಗಳ ಉತ್ತರಕ್ಕಿರುವ ಸೆಕ್ಸ್‌ಟೆನ್ ಗ್ರಾಮದಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಟಿರೋಲ್ ಪ್ರಾಂತ್ಯಕ್ಕೆ ಸೇರಿತ್ತು. ಇನ್ನರ್‌ಕೋಫ್ಲರ್ ಎಂಬ ಮನೆತನದ ಹೆಸರೇ ಅಲ್ಲಿ ಪರ್ವತ ಮಾರ್ಗದರ್ಶಿ ಎಂಬುದಕ್ಕೆ ಪರ್ಯಾಯವಾಗಿತ್ತು. 1869ರಲ್ಲಿ ವಿಯೆನ್ನಾದ ಪೌಲ್ ಗ್ರೋಹ್‌ಮನ್ ದೊಡ್ಡ ಶಿಖರವನ್ನು ಮೊದಲ ಬಾರಿಗೆ ಏರಿದಾಗ ಜತೆಗಿದ್ದವರಲ್ಲಿ ಫ್ರಾಂಜ್ ಇನ್ನರ್‌ಕೋಫ್ಲರ್ ಒಬ್ಬರು. 1881ರಲ್ಲಿ ಚಿಕ್ಕ ಶಿಖರ ಮಣಿದದ್ದು ಮಿಖೇಲ್ ಮತ್ತು ಹಾನ್ಸ್ ಇನ್ನರ್‌ಕೋಫ್ಲರ್ ಅವರಿಗೆ.

ಸೆಪ್ ಅವರ ಸರದಿ ಬಂದದ್ದು 1890ರಲ್ಲಿ. ಅದೇ ಮನೆತನದ ಫೈಟ್ ಜತೆಗೂಡಿ ಹಾನ್ಸ್ ಹೆಲ್ವರ್ಸೆನ್ ಎಂಬ ಆರೋಹಿಯನ್ನು ಚಿಕ್ಕ ಶಿಖರದ ಉತ್ತರದ ಗೋಡೆಯ ಮೂಲಕ ತುದಿಗೆ ಕರೆದೊಯ್ದರು. ಪಟ್ಟಣಿಗರು ಹಣ ತೆತ್ತು ಬೆಟ್ಟ ಏರುತ್ತಿದ್ದ ಕಾಲ. ಪುಸ್ತಕಗಳಲ್ಲಿ ಹೆಸರು ಅವರದು, ಹಗ್ಗದ ಮೇಲ್ತುದಿಯಲ್ಲಿ ಇರುತ್ತಿದ್ದವರು ಇಂಥವರು. 1898ರಿಂದ ಸೆಪ್ ಪತ್ನಿ ಮರಿಯಾ ಜತೆ ಶಿಖರಗಳೆದುರಿನ ತಂಗುದಾಣವನ್ನು ವಹಿಸಿಕೊಂಡರು. ಮುಂದೆ ಕೆಳಗಿನ ಫಿಶ್‌ಲೈನ್ ಕಣಿವೆಯಲ್ಲಿ ಸ್ವಂತ ಹೋಟೆಲನ್ನೂ ಕಟ್ಟಿದರು. ಬದುಕು ನೆಲೆಗೊಂಡಿತ್ತು.

1915ರ ಮೇ 23ರಂದು ಇಟಲಿಯು ಆಸ್ಟ್ರಿಯಾ-ಹಂಗೇರಿಯ ಮೇಲೆ ಯುದ್ಧ ಸಾರಿತು. ಗಡಿರೇಖೆ ಹಾದುಹೋಗಿದ್ದು ಇದೇ ಮೂರು ಶಿಖರಗಳ ಮೇಲೆ. ಟಿರೋಲಿನ ಯುವ ಸೈನಿಕರು ಬಹುಪಾಲು ದೂರದ ಗಲೀಸಿಯಾದಲ್ಲಿ ರಷ್ಯನ್ನರೊಡನೆ ಕಾದುತ್ತಿದ್ದರು. ಊರು ಕಾಯಲು ಉಳಿದವರು ಮುದುಕರು, ಹುಡುಗರು. ಐವತ್ತರ ಅಂಚಿನ ಸೆಪ್ ಸ್ವಯಂಸೇವಕರ ಪಡೆಗೆ ಸೇರಿದರು. ಮಾರ್ಗದರ್ಶಿಗಳ ಸಣ್ಣ ತಂಡವೊಂದು ಇಂದು ಒಂದು ಶಿಖರದಲ್ಲಿ, ನಾಳೆ ಇನ್ನೊಂದರಲ್ಲಿ ಕಾಣಿಸಿಕೊಂಡು, ದೊಡ್ಡ ಸೇನೆಯೇ ಇದೆಯೆಂಬ ಭ್ರಮೆಯನ್ನು ಎದುರಾಳಿಗೆ ಹುಟ್ಟಿಸುತ್ತಿತ್ತು. ಯುದ್ಧ ಆರಂಭವಾದ ಕೆಲವೇ ದಿನಗಳಲ್ಲಿ ಅವರ ತಂಗುದಾಣ ಇಟಲಿಯ ಫಿರಂಗಿಗೆ ಸಿಕ್ಕಿ ಬೂದಿಯಾಯಿತು.

ತಂಗುದಾಣದ ಪಕ್ಕದಲ್ಲೇ ಪಾಟರ್ನ್‌ಕೋಫೆಲ್ ಎಂಬ 2,744 ಮೀಟರ್ ಎತ್ತರದ ಶಿಖರವಿದೆ. ಅದನ್ನು ಇಟಲಿಯ ಅಲ್ಪೀನಿ ಪರ್ವತ ಯೋಧರು ಹಿಡಿದಿದ್ದರು. ಅದನ್ನು ಕಿತ್ತುಕೊಳ್ಳುವ ಹೊಣೆ, ಎಷ್ಟೋ ಪ್ರವಾಸಿಗರನ್ನು ಅದೇ ಬೆಟ್ಟಗಳಲ್ಲಿ ಸುರಕ್ಷಿತವಾಗಿ ಹತ್ತಿಸಿ ಇಳಿಸಿದ್ದ ಸೆಪ್ ಅವರ ಮೇಲೆ ಬಿತ್ತು. ಪಡೆಯಲ್ಲಿದ್ದ ಮಗ ಗಾಟ್‌ಫ್ರೀಡ್‌ನನ್ನು ಅವರು ಜತೆಗೆ ಬರಗೊಡಲಿಲ್ಲ. ಜುಲೈ 4ರ ನಸುಕಿನಲ್ಲಿ ಕೆಲವೇ ಸಂಗಾತಿಗಳೊಡನೆ ಬಂಡೆ ಹತ್ತಿದರು. ಕೆಳಗಿನಿಂದ ಆಸ್ಟ್ರಿಯಾದ ಮೆಷಿನ್‌ಗನ್‌ಗಳು ರಕ್ಷಣೆಗೆ ಗುಂಡು ಹಾರಿಸುತ್ತಿದ್ದವು. ತುದಿಗೆ ಇನ್ನು ಕೆಲವೇ ಮೀಟರ್ ಇದ್ದಾಗ ಸೆಪ್ ಕೈಬಾಂಬ್‌ಗಳನ್ನು ಎಸೆದರು. ಬಳಿಕ ಕೈಸೋತು ಕೆಳಗುರುಳಿದರು.

ಹೇಗೆ ಸತ್ತರೆಂಬುದು ಇಂದಿಗೂ ಬಗೆಹರಿದಿಲ್ಲ. ಪಿಯೆರೊ ದೆ ಲೂಕಾ ಎಂಬ ಅಲ್ಪೀನಿ ಯೋಧ ಎರಡೂ ಕೈಗಳಿಂದ ಎತ್ತಿ ಹಾಕಿದ ಬಂಡೆಕಲ್ಲು ತಗುಲಿತೆಂಬುದು ಪ್ರಚಲಿತ ಕಥೆ. ಸ್ವಪಕ್ಷದ ಮೆಷಿನ್‌ಗನ್‌ನ ಗುಂಡೇ ತಾಗಿತೆಂಬ ಶಂಕೆಯೂ ಬಲವಾಗಿದೆ. ಕಲ್ಲಿನ ಕಥೆ ಎರಡೂ ಕಡೆಯವರಿಗೆ ಹೆಚ್ಚು ಅನುಕೂಲಕರವೆಂಬುದನ್ನು ಮಾತ್ರ ಗಮನಿಸಬೇಕು. ಅದರಲ್ಲಿ ಒಂದು ಕಡೆಗೆ ವೀರನೊಬ್ಬ ದೊರೆಯುತ್ತಾನೆ, ಮತ್ತೊಂದು ಕಡೆಗೆ ಹುತಾತ್ಮ.

ಶವವನ್ನು ಮೇಲೆಳೆದು ಶಿಖರದ ತುದಿಯಲ್ಲೇ ಗೌರವದಿಂದ ಮಣ್ಣು ಮಾಡಿದವರು ಇಟಲಿಯ ಯೋಧರೇ. 1918ರಲ್ಲಿ ಅಸ್ಥಿಗಳನ್ನು ಸೆಕ್ಸ್‌ಟೆನ್‌ನ ಸ್ಮಶಾನಕ್ಕೆ ತರಲಾಯಿತು. ಮರುವರ್ಷದ ಒಪ್ಪಂದದಲ್ಲಿ ಆ ಗ್ರಾಮವೂ ಶಿಖರಗಳೂ ಒಟ್ಟಿಗೆ ಇಟಲಿಯ ಪಾಲಾದವು. ಸೆಪ್ ಯಾವ ಗಡಿಯನ್ನು ಕಾಯಲು ಹೊರಟಿದ್ದರೋ ಆ ಗಡಿಯೇ ಅಲ್ಲಿಂದ ಮಾಯವಾಯಿತು.

ಯುದ್ಧಕಾಲದಲ್ಲಿ ಪಾಟರ್ನ್‌ಕೋಫೆಲ್‌ನ ಒಡಲಲ್ಲಿ ಕೊರೆದ ಸುರಂಗಗಳೊಳಗೆ ಈಗ ಪ್ರವಾಸಿಗರು ತಲೆಗೆ ದೀಪ ಕಟ್ಟಿಕೊಂಡು, ಉಕ್ಕಿನ ಹಗ್ಗ ಹಿಡಿದು ಏರುತ್ತಾರೆ. ಆ ದಾರಿಗೆ ದೆ ಲೂಕಾ–ಇನ್ನರ್‌ಕೋಫ್ಲರ್ ಎಂದು ಹೆಸರು.