ಇಮಾಮ್ ಗಝ್ಝಾಲಿ(ರ)ಯವರ ಆ ಆರು ತಿಂಗಳು

ಇಮಾಮ್ ಗಝ್ಝಾಲಿ(ರ)ಯವರ ಹೆಸರು ಕೇಳದವರು ನಮ್ಮಲ್ಲಿ ವಿರಳ. ಮದ್ರಸದ ಪಾಠದಲ್ಲಿ, ರಮಝಾನಿನ ಪ್ರವಚನದಲ್ಲಿ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಅವರ ಚರಿತ್ರೆಯನ್ನು ಹೇಳುವಾಗ ನಾವು ಒಂದು ಕಡೆ ಬಹಳ ಅವಸರದಿಂದ ದಾಟಿಬಿಡುತ್ತೇವೆ. ಬಗ್ದಾದಿನಲ್ಲಿ ಮಹಾ ವಿದ್ವಾಂಸರಾಗಿದ್ದರು, ಎಲ್ಲವನ್ನೂ ತ್ಯಜಿಸಿ ಹೊರಟರು, 'ಇಹ್ಯಾ ಉಲೂಮುದ್ದೀನ್' ಬರೆದರು ಎಂದು ಮೂರೇ ಮಾತಿನಲ್ಲಿ ಮುಗಿಸುತ್ತೇವೆ. ಹೊರಡುವ ಮುಂಚೆ ಅವರು ಅನುಭವಿಸಿದ ಆರು ತಿಂಗಳ ಸಂಕಟ ನಮ್ಮ ಬಾಯಿಗೆ ಬರುವುದೇ ಇಲ್ಲ. ಇಂದು ನಿಮ್ಮಲ್ಲಿ ಯಾರಿಗಾದರೂ ಕಾರಣ ಹೇಳಲಾಗದ ಭಯ ಎದೆಯನ್ನು ಹಿಂಡುತ್ತಿದ್ದರೆ, ಅವರ ಬದುಕಿನ ಇತರ ಭಾಗಗಳಿಗಿಂತ ಆ ಆರು ತಿಂಗಳೇ ನಿಮಗೆ ಹೆಚ್ಚು ಹತ್ತಿರವಾದೀತು.

ಇಮಾಮರು ಜನಿಸಿದ್ದು ಕ್ರಿ.ಶ. 1058ರಲ್ಲಿ (ಹಿ. 450), ಖುರಾಸಾನಿನ ತೂಸ್‌ನಲ್ಲಿ. ಅದು ಇಂದಿನ ಇರಾನಿನ ಈಶಾನ್ಯ ಭಾಗ. ತಂದೆ ಉಣ್ಣೆ ನೂತು ಮಾರುವ ಬಡವರಾಗಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ಅವರು ಮರಣಶಯ್ಯೆಯಲ್ಲಿ ಮುಹಮ್ಮದ್ ಮತ್ತು ಅಹ್ಮದ್ ಎಂಬ ತಮ್ಮಿಬ್ಬರು ಮಕ್ಕಳನ್ನು ಸೂಫಿ ಮಿತ್ರರೊಬ್ಬರಿಗೆ ಒಪ್ಪಿಸಿದರು. ಇದ್ದ ಹಣ ಮುಗಿದಾಗ ಆ ಮಿತ್ರರು ಮಕ್ಕಳನ್ನು ಮದ್ರಸಕ್ಕೆ ಸೇರಲು ಹೇಳಿದರು. ಅಲ್ಲಿ ಪಾಠದ ಜೊತೆಗೆ ಊಟವೂ ಸಿಗುತ್ತಿತ್ತು. ಮುಂದೆ ನೀಶಾಪುರದಲ್ಲಿ ಇಮಾಮುಲ್ ಹರಮೈನ್ ಜುವೈನಿ(ರ)ಯವರ ಶಿಷ್ಯತ್ವ, 1085ರಲ್ಲಿ ಗುರುಗಳ ನಿಧನದ ನಂತರ ಸೆಲ್ಜುಕ್ ಸಾಮ್ರಾಜ್ಯದ ಪ್ರಧಾನಿ ನಿಝಾಮುಲ್ ಮುಲ್ಕ್‌ರ ಆಶ್ರಯ. 1091ರಲ್ಲಿ ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಮುಖ್ಯ ಗುರುಪೀಠ ಅವರಿಗೆ ದೊರೆಯಿತು. ಆಗ ಅವರ ವಯಸ್ಸು ಕೇವಲ 33. ಸುಮಾರು 300 ವಿದ್ಯಾರ್ಥಿಗಳು ಅವರ ಮುಂದೆ ಕುಳಿತು ಪಾಠ ಕೇಳುತ್ತಿದ್ದರು. ತತ್ವಜ್ಞಾನಿಗಳ ವಾದಗಳನ್ನು ತಾವೇ ಓದಿ ತಿಳಿದುಕೊಂಡು ಅವುಗಳಿಗೆ ಉತ್ತರ ಬರೆದರು. ಬಯಸಿದ್ದೆಲ್ಲ ಕೈಸೇರಿತ್ತು.

ಹೀಗಿರುವಾಗ ಅವರು ತಮ್ಮ ಒಳಗನ್ನು ನೋಡಿಕೊಳ್ಳತೊಡಗಿದರು. ಅಬೂ ತಾಲಿಬ್ ಮಕ್ಕೀ, ಹಾರಿಸ್ ಮುಹಾಸಿಬೀ ಮೊದಲಾದ ಮಹನೀಯರ ಗ್ರಂಥಗಳನ್ನು ಓದಿದ್ದರು. ಓದಿದ್ದೆಲ್ಲ ಅರ್ಥವೂ ಆಗಿತ್ತು. ಆದರೆ ಕಾಯಿಲೆ ಬಿದ್ದ ವೈದ್ಯನಿಗೆ ಆರೋಗ್ಯವೆಂದರೇನೆಂದು ಗೊತ್ತಿರುತ್ತದೆ, ಅವನಲ್ಲಿ ಆರೋಗ್ಯ ಮಾತ್ರ ಇರುವುದಿಲ್ಲ. ತಮ್ಮ ಸ್ಥಿತಿಯೂ ಹಾಗೆಯೇ ಎಂದು ಅವರಿಗೆ ತೋರಿತು. ನಾನು ಪಾಠ ಹೇಳುತ್ತಿರುವುದು ಯಾರಿಗಾಗಿ ಎಂದು ತಮ್ಮನ್ನೇ ಕೇಳಿಕೊಂಡರು. ಅಲ್ಲಾಹನ ಸಂಪ್ರೀತಿಗಿಂತ ಹೆಸರು, ಸ್ಥಾನಮಾನಗಳೇ ತಮ್ಮನ್ನು ನಡೆಸುತ್ತಿವೆ ಎಂಬ ಉತ್ತರ ಒಳಗಿನಿಂದ ಬಂತು. ಪರಲೋಕದ ಭಯ ಅವರನ್ನು ಹಿಡಿಯಿತು.

ಆ ಭಯದೊಂದಿಗೆ ಅವರು ಹೇಗೆ ನಡೆದುಕೊಂಡರೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೊದಲಿಗೆ ಅವರೂ ನಮ್ಮ ನಿಮ್ಮಂತೆಯೇ ಅದನ್ನು ಮುಂದೂಡಿದರು. ಬೆಳಗ್ಗೆ ಬಗ್ದಾದ್ ಬಿಡುವ ನಿರ್ಧಾರ, ಸಂಜೆಯಾಗುವಷ್ಟರಲ್ಲಿ ಆ ನಿರ್ಧಾರ ಮಣ್ಣುಪಾಲು. ಇದೆಲ್ಲ ತಾತ್ಕಾಲಿಕ, ತಾನೇ ಸರಿಹೋಗುತ್ತದೆ, ಇಂಥ ಸ್ಥಾನ ಬಿಟ್ಟರೆ ಮತ್ತೆ ಸಿಕ್ಕೀತೇ ಎಂದು ಮನಸ್ಸು ಪಿಸುಗುಟ್ಟುತ್ತಿತ್ತು. ಹಿ. 488ರ ರಜಬ್, ಅಂದರೆ 1095ರ ಜುಲೈಯಿಂದ ಸುಮಾರು ಆರು ತಿಂಗಳು ಈ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ದೇಹವೇ ಕೈಬಿಟ್ಟಿತು. ಪಾಠಕ್ಕೆ ಕುಳಿತರೆ ನಾಲಗೆ ಹೊರಳುತ್ತಿರಲಿಲ್ಲ. ದೂರದಿಂದ ಬಂದ ಶಿಷ್ಯರ ಮನಸ್ಸು ನೋಯಬಾರದೆಂದು ಪ್ರಯತ್ನಿಸಿದರೂ ಒಂದು ಶಬ್ದ ಹೊರಡಲಿಲ್ಲ. ಸಾರು ಗಂಟಲಲ್ಲಿ ಇಳಿಯದು, ತಿಂದ ತುತ್ತು ಅರಗದು. ವೈದ್ಯರು ಪರೀಕ್ಷಿಸಿ, ಕಾಯಿಲೆ ಹೃದಯದಲ್ಲಿ ಹುಟ್ಟಿ ಶರೀರಕ್ಕೆ ಹರಡಿದೆ, ಚಿಂತೆ ನೀಗದ ಹೊರತು ಮದ್ದಿಲ್ಲ ಎಂದು ಕೈಚೆಲ್ಲಿದರು.

ಇಷ್ಟು ದೊಡ್ಡ ಆಲಿಮರಿಗೂ ಹೀಗಾಗುವುದುಂಟೇ ಎಂದು ನಿಮಗೆ ಅನ್ನಿಸಬಹುದು. ಮನಸ್ಸಿನ ಬೇಗುದಿಯನ್ನೆಲ್ಲ ಈಮಾನಿನ ಕೊರತೆಯೆಂದು ಸಲೀಸಾಗಿ ತೀರ್ಪು ಕೊಡುವವರು ನಮ್ಮ ನಡುವೆ ಇದ್ದಾರೆ. ಅಂಥವರು ಇದನ್ನು ಇನ್ನೊಮ್ಮೆ ಓದಲಿ. ಈ ವಿವರವನ್ನು ಇಮಾಮರ ವಿರೋಧಿಗಳು ಬರೆದದ್ದಲ್ಲ. ತಮ್ಮ ಕೊನೆಯ ವರ್ಷಗಳಲ್ಲಿ 'ಅಲ್ ಮುನ್ಕಿಝ್ ಮಿನದ್ದಲಾಲ್' ಎಂಬ ಕೃತಿಯಲ್ಲಿ ಅವರೇ, ಯಾವ ಮುಚ್ಚುಮರೆಯೂ ಇಲ್ಲದೆ ದಾಖಲಿಸಿದ್ದಾರೆ.

ತಮ್ಮ ಅಸಹಾಯಕತೆಯನ್ನು ಪೂರ್ಣವಾಗಿ ಒಪ್ಪಿಕೊಂಡು ಅವರು ಅಲ್ಲಾಹನ ಮೊರೆಹೊಕ್ಕರು. ಆಗ ಸ್ಥಾನಮಾನ, ಸಂಪತ್ತು, ಬಂಧುಮಿತ್ರರನ್ನು ಬಿಡುವುದು ಸುಲಭವಾಯಿತು. ಕುಟುಂಬದ ನಿರ್ವಹಣೆಗೆ ಬೇಕಾದಷ್ಟನ್ನು ಇರಿಸಿ ಉಳಿದದ್ದನ್ನು ಹಂಚಿದರು. ತಮ್ಮ ಅಹ್ಮದರು ಪಾಠದ ಹೊಣೆ ಹೊತ್ತರು. ತಡೆದಾರೆಂಬ ಶಂಕೆಯಿಂದ ಮಕ್ಕಾ ಯಾತ್ರೆಯ ಮಾತಾಡಿ, ಶಾಮ್ ದೇಶದ ಹಾದಿ ಹಿಡಿದರು. ಜನರು ಬಾಯಿಗೆ ಬಂದಂತೆ ಆಡಿಕೊಂಡರು. ದೃಷ್ಟಿ ತಾಗಿದೆ ಎಂದರು ಕೆಲವರು. ದೂರದವರು ಆಳುವವರ ಭಯವೆಂದರು. 1092ರಲ್ಲಿ ನಿಝಾಮುಲ್ ಮುಲ್ಕ್‌ರ ಕೊಲೆಯಾಗಿತ್ತು, ಅದರ ಮರುತಿಂಗಳೇ ಸುಲ್ತಾನ್ ಮಲಿಕ್ ಶಾಹ್ ತೀರಿಕೊಂಡಿದ್ದರು. ಇಂದಿಗೂ ಕೆಲವು ಇತಿಹಾಸಕಾರರು ರಾಜಕೀಯ ಕಾರಣವನ್ನೇ ಮುಂದಿಡುತ್ತಾರೆ. ಅದೂ ಸ್ವಲ್ಪ ಇದ್ದಿರಬಹುದು. ಆದರೆ ಪ್ರಾಣಭಯದಿಂದ ಓಡಿದವರು ಮುಂದೆ ಮಾಡಿದ ಕೆಲಸವನ್ನು ನೋಡಿ.

ದಮಾಸ್ಕಸ್‌ನಲ್ಲಿ ಅವರು ಸುಮಾರು ಎರಡು ವರ್ಷ ಕಳೆದರು. ಉಮವೀ ಮಸೀದಿಯ ಮಿನಾರವನ್ನೇರಿ, ಬಾಗಿಲು ಹಾಕಿಕೊಂಡು ದಿನವಿಡೀ ಒಬ್ಬರೇ ಇರುತ್ತಿದ್ದರು. ಬೈತುಲ್ ಮುಕದ್ದಸಿನ ಕುಬ್ಬತು ಸ್ಸಖ್ರದಲ್ಲಿಯೂ ಹೀಗೆಯೇ. ಮುನ್ನೂರು ಜೋಡಿ ಕಣ್ಣುಗಳ ಎದುರು ಕೂರುತ್ತಿದ್ದವರ ಬಳಿ ಈಗ ಹೊಗಳುವವರಿಲ್ಲ, ವಾದಿಸಿ ಗೆಲ್ಲಲು ಎದುರಾಳಿಯಿಲ್ಲ. ನಮಾಝ್, ಝಿಕ್ರ್ ಮತ್ತು ತಮ್ಮದೇ ಮನಸ್ಸು. ಅಲ್ ಖಲೀಲ್‌ನಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಸಮಾಧಿಯ ಬಳಿ ಅವರು ಮೂರು ಪ್ರತಿಜ್ಞೆ ಕೈಗೊಂಡರು. ಅರಸರ ಬಳಿಗೆ ಹೋಗೆನು, ಅವರ ಹಣ ಮುಟ್ಟೆನು, ಯಾರೊಂದಿಗೂ ವಾದಕ್ಕಿಳಿಯೆನು. ಬಳಿಕ ಹಜ್ಜ್ ನಿರ್ವಹಿಸಿದರು.

ಈ ಏಕಾಂತದ ವರ್ಷಗಳ ಫಲವೇ 40 ಭಾಗಗಳ 'ಇಹ್ಯಾ'. ಕೋಪ, ಅಸೂಯೆ, ಭಯ, ನಿರೀಕ್ಷೆ, ಸಹನೆ ಎಲ್ಲವುಗಳ ಮೇಲೂ ಅದರಲ್ಲಿ ದೀರ್ಘ ವಿವೇಚನೆಯಿದೆ. ಕೋಪವನ್ನು ಬೇರುಸಹಿತ ಕಿತ್ತೆಸೆಯಬೇಕೆಂಬವರನ್ನು ಇಮಾಮರು ಒಪ್ಪುವುದಿಲ್ಲ. ಅಲ್ಲಾಹನು ಅದನ್ನು ಪ್ರಯೋಜನಕ್ಕಾಗಿಯೇ ಇಟ್ಟಿದ್ದಾನೆ. ಅದಿಲ್ಲದಿದ್ದರೆ ಮನುಷ್ಯ ತನ್ನನ್ನು ರಕ್ಷಿಸಿಕೊಳ್ಳಲಾರ. ಬೇಟೆಗಾರನ ನಾಯಿಯಂತೆ ಅದನ್ನು ಪಳಗಿಸಬೇಕು. ಕುದಿಯುವ ಮಡಕೆಯಲ್ಲಿ ನೀರು ಮೇಲೇಳುವಂತೆ ಹೃದಯದ ರಕ್ತ ಮೇಲೇರಿ ಮುಖ ಕೆಂಪಾಗುವುದನ್ನು ಅವರು ವರ್ಣಿಸುವಾಗ, ಸ್ವತಃ ತಮ್ಮ ಎದೆಯನ್ನೇ ಗಮನಿಸಿ ಬರೆದಂತಿದೆ. ನಂತರ ಪ್ರವಾದಿವರ್ಯ(ಸ)ರು ಕಲಿಸಿದ ಪರಿಹಾರ ಹೇಳುತ್ತಾರೆ. ಸುಮ್ಮನಾಗಿ, ನಿಂತಿದ್ದರೆ ಕುಳಿತುಕೊಳ್ಳಿ, ಕುಳಿತಿದ್ದರೆ ಮಲಗಿ, ವುಝೂ ಮಾಡಿ. ಉಕ್ಕಿದ್ದು ಇಳಿಯುವ ತನಕ ಅದರ ಜೊತೆ ಇರಲು ಇಷ್ಟು ಸಾಕು. ನಮ್ಮ ಮನೆಗಳಲ್ಲಿ ತಲಾಕಿನ ಮಾತು ಬಾಯಿಂದ ಜಾರುವುದು ಬಹುತೇಕ ಆ ಕಾಲು ಗಂಟೆಯಲ್ಲಿಯೇ.

ಹಾಗಾದರೆ ಇಮಾಮರಿಗೆ ಶಾಂತಿ ದೊರೆತು ಎಲ್ಲವೂ ಮುಗಿಯಿತೇ? ಇಲ್ಲ, ಅವರೇ ಹಾಗೆ ಹೇಳುವುದಿಲ್ಲ. ಮಕ್ಕಳ ಕರೆ ಅವರನ್ನು ಊರಿಗೆ ಎಳೆಯಿತು. ಸಂಸಾರದ ತಾಪತ್ರಯ, ಜೀವನೋಪಾಯದ ಚಿಂತೆ ಏಕಾಂತವನ್ನು ಕಲಕುತ್ತಿದ್ದವು. ಆ ನಿರ್ಮಲ ಸ್ಥಿತಿ ಆಗೊಮ್ಮೆ ಈಗೊಮ್ಮೆ ಮಾತ್ರ ಒದಗುತ್ತಿತ್ತು, ಆದರೂ ತಾವು ಆಸೆ ಬಿಡದೆ ಮತ್ತೆ ಮತ್ತೆ ಅದರತ್ತ ಮರಳುತ್ತಿದ್ದೆವೆಂದು ಬರೆದಿದ್ದಾರೆ. ಹೀಗೆ ಸುಮಾರು ಹತ್ತು ವರ್ಷ. 1106ರಲ್ಲಿ ನಿಝಾಮುಲ್ ಮುಲ್ಕ್‌ರ ಮಗ ಫಖ್ರುಲ್ ಮುಲ್ಕ್‌ರ ಒತ್ತಾಯಕ್ಕೆ ಮಣಿದು ನೀಶಾಪುರದಲ್ಲಿ ಮತ್ತೆ ಪಾಠಕ್ಕೆ ಕುಳಿತರು. ನಾಲಗೆ ಈ ಸಲ ಕೈಕೊಡಲಿಲ್ಲ.

ಕೊನೆಯ ದಿನಗಳು ತೂಸ್‌ನಲ್ಲಿ, ಮನೆಯ ಪಕ್ಕದ ಮದ್ರಸದಲ್ಲಿ ಕಳೆದವು. 1111ರ ಡಿಸೆಂಬರ್ 18, ಸೋಮವಾರ. ಸಹೋದರ ಅಹ್ಮದರ ಹೇಳಿಕೆಯಂತೆ, ಇಮಾಮರು ಬೆಳಗಿನ ವುಝೂ ಮಾಡಿ ನಮಾಝ್ ನಿರ್ವಹಿಸಿದರು. ಬಳಿಕ ತಮ್ಮ ಕಫನ್ ತರಿಸಿ, ಅದನ್ನು ಚುಂಬಿಸಿ ಕಣ್ಣಿಗೊತ್ತಿಕೊಂಡರು. ಕಿಬ್ಲಾದ ಕಡೆಗೆ ಕಾಲು ಚಾಚಿ ಮಲಗಿದರು. ಸೂರ್ಯ ಮೇಲೇರುವ ಮುನ್ನವೇ ಪ್ರಾಣಪಕ್ಷಿ ಹಾರಿಹೋಗಿತ್ತು.