ರಕ್ತದ ಹನಿ ಹಿಡಿದು ಊರೂರು ಅಲೆದ ವೈದ್ಯ

ನಿಮ್ಮ ಶಾಲೆಯ ಗುರುತಿನ ಚೀಟಿ ಇದ್ದರೆ ಒಮ್ಮೆ ತೆಗೆದು ನೋಡಿ. ಹೆಸರು, ತರಗತಿ, ವಿಳಾಸ ಆದಮೇಲೆ ರಕ್ತದ ಗುಂಪು ಎಂಬ ಸಾಲು ಇರುತ್ತದೆ. ಅದರ ಮುಂದೆ ಎ, ಬಿ, ಎಬಿ ಅಥವಾ ಓ ಎಂದು ಬರೆದಿರುತ್ತಾರೆ. ಎ, ಬಿ ಆದಮೇಲೆ ಸಿ ಬರಬೇಕಿತ್ತಲ್ಲವೇ? ನಡುವೆ ಈ ಓ ಎಲ್ಲಿಂದ ಬಂತು?

1901ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ಮನುಷ್ಯರ ರಕ್ತ ಒಂದೇ ಬಗೆಯದಲ್ಲ ಎಂದು ತೋರಿಸಿದರು. ಅವರು ಕಂಡ ಮೂರು ಬಗೆಗಳಿಗೆ ಎ, ಬಿ, ಸಿ ಎಂದೇ ಹೆಸರಿಟ್ಟಿದ್ದರು. ಮರುವರ್ಷ ನಾಲ್ಕನೆಯ ಬಗೆಯೂ ಪತ್ತೆಯಾಯಿತು. ಆದರೆ ಇಂದು ನಿಮ್ಮ ಚೀಟಿಯಲ್ಲಿರುವ ಹೆಸರುಗಳನ್ನು ಕೊಟ್ಟವರು ಬೇರೆ ಇಬ್ಬರು. ಒಬ್ಬರು ಜರ್ಮನಿಯ ಎಮಿಲ್ ಫಾನ್ ಡುಂಗರ್ನ್. ಇನ್ನೊಬ್ಬರು ಪೋಲೆಂಡಿನ ಯುವ ವೈದ್ಯ ಲುಡ್ವಿಕ್ ಹಿರ್ಷ್‌ಫೆಲ್ಡ್. ಇಂದು ನಿಮಗೆ ಹೇಳಹೊರಟಿರುವುದು ಈ ಎರಡನೆಯವರ ಕಥೆ.

ಹಿರ್ಷ್‌ಫೆಲ್ಡ್ ಹುಟ್ಟಿದ್ದು 1884ರ ಆಗಸ್ಟ್ 5ರಂದು, ವಾರ್ಸಾ ನಗರದಲ್ಲಿ. ಆಗ ಪೋಲೆಂಡ್ ಎಂಬ ದೇಶ ಭೂಪಟದಲ್ಲಿ ಇರಲಿಲ್ಲ. ವಾರ್ಸಾ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಅವರದು ಯಹೂದಿ ಮನೆತನ. ವೈದ್ಯಕೀಯ ಓದಲು ಜರ್ಮನಿಗೆ ಹೋದರು, 1907ರಲ್ಲಿ ಬರ್ಲಿನ್ನಿನಲ್ಲಿ ಪದವಿ ಪಡೆದರು. ಅವರ ಪತ್ನಿ ಹನ್ನಾ ಕೂಡ ವೈದ್ಯೆ, ಮಕ್ಕಳ ಕಾಯಿಲೆಗಳನ್ನು ಬಲ್ಲವರು. ಮುಂದೆ ಹೇಳುವ ಎಲ್ಲ ಕೆಲಸಗಳಲ್ಲೂ ಹನ್ನಾ ಜೊತೆಗಿದ್ದರು ಎಂಬುದನ್ನು ನೆನಪಿಡಿ. ಎಷ್ಟೋ ಪುಸ್ತಕಗಳು ಅವರ ಹೆಸರನ್ನೇ ಬಿಟ್ಟುಬಿಡುತ್ತವೆ!

ಹೈಡೆಲ್‌ಬರ್ಗ್ ಎಂಬ ಊರಿನಲ್ಲಿ ಹಿರ್ಷ್‌ಫೆಲ್ಡ್ ಮತ್ತು ಡುಂಗರ್ನ್ ಒಂದು ಸರಳ ಪ್ರಶ್ನೆ ಹಾಕಿಕೊಂಡರು. ಅಪ್ಪ ಅಮ್ಮನ ಕಣ್ಣು ಮೂಗು ಮಕ್ಕಳಿಗೆ ಬರುವಂತೆ ರಕ್ತದ ಗುಂಪೂ ಬರುತ್ತದೆಯೇ? ಹತ್ತಾರು ಕುಟುಂಬಗಳಲ್ಲಿ ತಂದೆ, ತಾಯಿ, ಮಕ್ಕಳೆಲ್ಲರ ರಕ್ತ ಪರೀಕ್ಷಿಸಿದರು. ತಂದೆಯಲ್ಲೂ ತಾಯಿಯಲ್ಲೂ ಎ ಗುಣ ಇಲ್ಲದಿದ್ದರೆ ಮಗುವಿನಲ್ಲೂ ಅದು ಕಾಣಲಿಲ್ಲ. ಬಿ ಗುಣದ್ದೂ ಹಾಗೆಯೇ. ಅಂದರೆ ರಕ್ತದ ಗುಂಪು ಅನುವಂಶೀಯವಾಗಿ ಬರುತ್ತದೆ ಎಂದು 1910ರಲ್ಲಿ ಗೊತ್ತಾಯಿತು. ಎ ಗುಣವೂ ಇಲ್ಲ, ಬಿ ಗುಣವೂ ಇಲ್ಲ ಎಂಬ ರಕ್ತಕ್ಕೆ ಸೊನ್ನೆಯಂತಹ ಗುರುತು ಬೇಕಿತ್ತು. ಸಿ ಹೋಗಿ ಓ ಬಂದದ್ದು ಹೀಗೆ.

ಇಷ್ಟೇ ಆಗಿದ್ದರೆ ಅವರು ಪ್ರಯೋಗಾಲಯದಲ್ಲಿ ನೆಮ್ಮದಿಯಾಗಿ ಕುಳಿತಿರುತ್ತಿದ್ದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಆಗ ಅವರು ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿದ್ದರು. ಯುದ್ಧ ತಾಗದ ದೇಶ ಅದು. ಆದರೆ ಸರ್ಬಿಯದಲ್ಲಿ ಟೈಫಸ್ ಎಂಬ ಜ್ವರ ಹಬ್ಬಿ, ವೈದ್ಯರೇ ಸಾಯುತ್ತಿದ್ದಾರೆ ಎಂಬ ಸುದ್ದಿ ಬಂತು. 1915ರಲ್ಲಿ ಅವರು ತಾವಾಗಿಯೇ ಅಲ್ಲಿಗೆ ಹೊರಟುಹೋದರು.

ಇಲ್ಲಿ ಒಂದು ಮಾತು. ಟೈಫಸ್ ಬೇರೆ, ಟೈಫಾಯ್ಡ್ ಬೇರೆ. ನಮ್ಮಲ್ಲಿ ವಿಷಮಶೀತ ಜ್ವರ ಎನ್ನುವುದು ಟೈಫಾಯ್ಡ್. ಅದು ಕೊಳೆತ ನೀರು, ಆಹಾರದಿಂದ ಬರುತ್ತದೆ. ಟೈಫಸ್ ಹರಡುವುದು ಬಟ್ಟೆಯ ಹೊಲಿಗೆ ಸಂದಿಯಲ್ಲಿ ಅಡಗುವ ಹೇನಿನಿಂದ. ಹಳ್ಳಿಯ ಅಜ್ಜಿಯರನ್ನು ಕೇಳಿ, ಅದಕ್ಕೆ ಕೂರೆ ಎನ್ನುತ್ತಾರೆ. ರೋಗಿಯ ರಕ್ತ ಹೀರಿದ ಕೂರೆಯ ಹೊಟ್ಟೆಯಲ್ಲಿ ರೋಗಾಣು ಬೆಳೆಯುತ್ತದೆ. ಆ ಕೂರೆ ಇನ್ನೊಬ್ಬರ ಮೈಮೇಲೆ ಹೋಗಿ ಹಿಕ್ಕೆ ಹಾಕುತ್ತದೆ. ತುರಿಕೆಯಾಗಿ ಕೆರೆದುಕೊಂಡಾಗ ಗಾಯದ ಮೂಲಕ ರೋಗಾಣು ಅವರ ರಕ್ತಕ್ಕೆ ಸೇರುತ್ತದೆ. ಸ್ನಾನಕ್ಕೆ ನೀರಿಲ್ಲ, ಬದಲಿಸಲು ಬಟ್ಟೆಯಿಲ್ಲ, ಒಂದೇ ಕೋಣೆಯಲ್ಲಿ ಇಪ್ಪತ್ತು ಜನ ಎಂದರೆ ಕೂರೆಗೆ ಹಬ್ಬ. ಮನೆ ಮಠ ಬಿಟ್ಟು ಓಡಿಬಂದ ನಿರಾಶ್ರಿತರ ನಡುವೆ ಈ ಜ್ವರ ಕಾಡ್ಗಿಚ್ಚಿನಂತೆ ಹಬ್ಬುತ್ತಿದ್ದುದು ಇದಕ್ಕೇ. ಸರ್ಬಿಯದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಶತ್ರುಸೇನೆ ನುಗ್ಗಿದಾಗ ಸರ್ಬಿಯದ ಸೈನ್ಯ, ಜೊತೆಗೆ ಸಾವಿರಾರು ಸಾಮಾನ್ಯ ಜನ, ಚಳಿಗಾಲದಲ್ಲಿ ಅಲ್ಬೇನಿಯದ ಬೆಟ್ಟಗಳನ್ನು ದಾಟಿ ಹೋಗಬೇಕಾಯಿತು. ಅಳಿದುಳಿದ ಸೈನ್ಯ ಮುಂದೆ ಗ್ರೀಸ್ ದೇಶದ ಸಲೋನಿಕಾ ಬಂದರಿಗೆ ಬಂತು. ಹಿರ್ಷ್‌ಫೆಲ್ಡ್ ದಂಪತಿ ಅಲ್ಲಿ ಸರ್ಬಿಯದ ಸೈನ್ಯಕ್ಕಾಗಿ ಪ್ರಯೋಗಾಲಯ ನಡೆಸಿದರು. ಟೈಫಾಯ್ಡಿನಂತೆಯೇ ಕಾಣುವ, ಆದರೆ ಟೈಫಾಯ್ಡ್ ಅಲ್ಲದ ಒಂದು ಜ್ವರದ ಬ್ಯಾಕ್ಟೀರಿಯವನ್ನು ಹಿರ್ಷ್‌ಫೆಲ್ಡ್ ಅಲ್ಲಿ ಕಂಡುಹಿಡಿದರು. ಆ ಜ್ವರಕ್ಕೆ ಪ್ಯಾರಾಟೈಫಾಯ್ಡ್ ಸಿ ಎಂದು ಹೆಸರು.

ಸಲೋನಿಕಾ ಆಗ ಹೇಗಿತ್ತು ಎಂದು ಊಹಿಸಿಕೊಳ್ಳಿ. ನಮ್ಮ ದೊಡ್ಡ ಜಾತ್ರೆಗಿಂತ ಹೆಚ್ಚಿನ ಗದ್ದಲ. ಇಂಗ್ಲಿಷರು, ಫ್ರೆಂಚರು, ಇಟಲಿಯವರು, ರಷ್ಯದವರು, ಆಫ್ರಿಕದ ಸೆನೆಗಲ್‌ನವರು, ಮಡಗಾಸ್ಕರ್‌ನವರು, ವಿಯೆಟ್ನಾಮಿನವರು. ಬ್ರಿಟಿಷ್ ಸೈನ್ಯದಲ್ಲಿದ್ದ ನಮ್ಮ ಭಾರತೀಯ ಸೈನಿಕರೂ ಇದ್ದರು. ಯುದ್ಧಕ್ಕೆ ಹೆದರಿ ಊರು ತೊರೆದ ನಿರಾಶ್ರಿತರು ಬೇರೆ. ಪ್ರಪಂಚ ಸುತ್ತಿದರೂ ಸಿಗದಷ್ಟು ಬಗೆಬಗೆಯ ಜನ ಒಂದೇ ಊರಿನಲ್ಲಿ! ಇವರೆಲ್ಲರ ರಕ್ತವನ್ನೂ ನೋಡೋಣ ಎಂದು ಗಂಡಹೆಂಡತಿ ನಿರ್ಧರಿಸಿದರು.

ಪರೀಕ್ಷೆ ಕಷ್ಟದ್ದಲ್ಲ. ಬೆರಳ ತುದಿಯಿಂದ ರಕ್ತ ತೆಗೆದು ಅದರ ಒಂದು ಹನಿಗೆ ಎ ಗುಣವನ್ನು ಗುರುತಿಸುವ ದ್ರವ, ಇನ್ನೊಂದು ಹನಿಗೆ ಬಿ ಗುಣವನ್ನು ಗುರುತಿಸುವ ದ್ರವ ಬೆರೆಸಬೇಕು. ಒಡೆದ ಹಾಲಿನಂತೆ ರಕ್ತ ಗರಣೆಗಟ್ಟಿದರೆ ಆ ಗುಣ ಇದೆ ಎಂದು ಅರ್ಥ. ಎರಡರಲ್ಲೂ ಗಟ್ಟದಿದ್ದರೆ ಓ. ಕಷ್ಟವಾದದ್ದು ಜನರನ್ನು ಒಪ್ಪಿಸುವುದು. ಇಂಗ್ಲಿಷ್ ಸೈನಿಕರಿಗೆ ಇದು ವಿಜ್ಞಾನದ ಕೆಲಸ ಎಂದರೆ ಸಾಕಾಗುತ್ತಿತ್ತಂತೆ. ಇನ್ನು ಕೆಲವರಿಗೆ ರಕ್ತ ಕೊಟ್ಟರೆ ರಜೆ ಸಿಗುತ್ತದೆ ಎಂದು ಹೇಳಬೇಕಾಯಿತಂತೆ. ರಜೆ ಎಂದರೆ ಯಾರಿಗೆ ಬೇಡ?

ಒಟ್ಟು 16 ಜನಾಂಗಗಳ ಸುಮಾರು 8,000 ಜನರ ರಕ್ತ ಪರೀಕ್ಷೆಯಾಯಿತು. ಫಲಿತಾಂಶ 1919ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ನೂರು ಇಂಗ್ಲಿಷರಲ್ಲಿ ಸುಮಾರು 43 ಜನ ಎ ಗುಂಪಿನವರು, ಬಿ ಗುಂಪಿನವರು ಬರೀ 7. ನೂರು ಭಾರತೀಯರಲ್ಲಿ ಎ ಗುಂಪಿನವರು 19, ಬಿ ಗುಂಪಿನವರು 41! ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆಲ್ಲ ಬಿ ಹೆಚ್ಚುತ್ತಿತ್ತು. ಒಂದು ಗುಣ ಒಂದೊಂದು ಜನರಲ್ಲಿ ನೂರಕ್ಕೆ ಎಷ್ಟು ಎಂದು ಎಣಿಸಿ ಹೋಲಿಸುವ ಈ ದಾರಿ ಆಗ ಹೊಸದು.

ಆದರೆ ಆ ಕೋಷ್ಟಕವನ್ನು ಇನ್ನೊಮ್ಮೆ ನೋಡಬೇಕು. ಎ, ಬಿ, ಎಬಿ, ಓ ನಾಲ್ಕೂ ಎಲ್ಲ ಜನರಲ್ಲೂ ಇದ್ದವು. ಹೆಚ್ಚು ಕಡಿಮೆ ಮಾತ್ರ. ಒಂದು ಹನಿ ರಕ್ತ ಕೈಗೆ ಕೊಟ್ಟು ಇವನು ಯಾವ ದೇಶದವನು ಎಂದರೆ ಹೇಳಲು ಸಾಧ್ಯವೇ ಇಲ್ಲ. ಆಮೇಲೆ ಬಂದ ಕೆಲವರು ಇದನ್ನು ಬೇಕೆಂದೇ ಮರೆತರು. ಇಂಥ ಅಂಕಿಗಳನ್ನು ಹಿಡಿದು ಇವರ ರಕ್ತ ಮೇಲು, ಅವರ ರಕ್ತ ಕೀಳು ಎಂದು ವಾದ ಹೂಡಿದರು. ಅದು ವಿಜ್ಞಾನವಲ್ಲ.

ಯುದ್ಧ ಮುಗಿದು ಪೋಲೆಂಡ್ ಮತ್ತೆ ದೇಶವಾಯಿತು. ದಂಪತಿ ವಾರ್ಸಾಕ್ಕೆ ಮರಳಿದರು. ಮರಿಯಾ ಎಂಬ ಮಗಳು ಹುಟ್ಟಿದಳು. ಹಿರ್ಷ್‌ಫೆಲ್ಡ್ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. ಸುಮಾರು 20 ವರ್ಷ ಹೀಗೆ ಕಳೆಯಿತು.

1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಬಾಂಬು ಬೀಳುತ್ತಿದ್ದ ವಾರ್ಸಾದಲ್ಲಿ ಹಿರ್ಷ್‌ಫೆಲ್ಡ್ ಗಾಯಾಳುಗಳಿಗಾಗಿ ರಕ್ತ ಸಂಗ್ರಹಿಸಿ ಕೊಡುವ ಕೇಂದ್ರವನ್ನು ನಡೆಸಿದರು. ನಗರ ಸೋತಿತು. ಯಹೂದಿ ಎಂಬ ಕಾರಣಕ್ಕೆ ತಾವೇ ಕಟ್ಟಿದ ಸಂಸ್ಥೆಯಿಂದ ಅವರನ್ನು ಹೊರಹಾಕಿದರು. 1941ರ ಫೆಬ್ರವರಿಯಲ್ಲಿ ಹೆಂಡತಿ ಮಗಳೊಂದಿಗೆ ಅವರನ್ನು ಘೆಟ್ಟೊ ಎಂಬ ಕಡೆಗೆ ತಳ್ಳಿದರು.

ಘೆಟ್ಟೊ ಎಂದರೆ ಸುತ್ತ ಎತ್ತರದ ಗೋಡೆ ಕಟ್ಟಿ, ಯಹೂದಿಗಳನ್ನು ಕೂಡಿಹಾಕಿದ ಜಾಗ. ವಾರ್ಸಾದ ಘೆಟ್ಟೊ ಮೂರೂವರೆ ಚದರ ಕಿಲೋಮೀಟರನ್ನೂ ಮೀರದ ಜಾಗ. ಅದರೊಳಗೆ 4 ಲಕ್ಷಕ್ಕೂ ಹೆಚ್ಚು ಜನ! ಸುತ್ತಲ ಊರುಗಳಿಂದಲೂ ಜನರನ್ನು ಉಟ್ಟ ಬಟ್ಟೆಯಲ್ಲೇ ಅಟ್ಟಿಕೊಂಡು ಬರುತ್ತಿದ್ದರು. ಹೀಗೆ ಬಂದ ನಿರಾಶ್ರಿತರಿಗೆ ಮನೆಯಿಲ್ಲ, ಸೌದೆಯಿಲ್ಲ, ಸೋಪಿಲ್ಲ, ಹೊಟ್ಟೆಗಂತೂ ಇಲ್ಲವೇ ಇಲ್ಲ. ಅವರು ತಂಗಿದ್ದ ಛತ್ರಗಳಲ್ಲಿ ಟೈಫಸ್ ಕಾಣಿಸಿಕೊಂಡಿತು. ಸುಮಾರು 1 ಲಕ್ಷ ಜನಕ್ಕೆ ಅದು ತಗುಲಿತೆಂದು ಈಗಿನ ಲೆಕ್ಕಾಚಾರಗಳು ಹೇಳುತ್ತವೆ.

ಆಳುವವರು ಊರ ಗೋಡೆಗಳ ಮೇಲೆ ಭಿತ್ತಿಪತ್ರ ಅಂಟಿಸಿದರು. ಟೈಫಸ್ ಹರಡುವುದು ಯಹೂದಿಗಳಿಂದ ಎಂದು ಅದರಲ್ಲಿ ಚಿತ್ರ ಸಮೇತ ಬರೆಸಿದ್ದರು. ನೀವೇ ಯೋಚಿಸಿ. ನೀರು, ಅನ್ನ, ಸೋಪು ಕಸಿದುಕೊಂಡು, ಕುರಿಗಳಂತೆ ಒಟ್ಟಿಗೆ ತುಂಬಿ, ಆಮೇಲೆ ರೋಗ ಬಂತೆಂದು ಅವರನ್ನೇ ದೂರುವುದು! ಈ ರೋಗ ಜನರ ಜಾತಿಯಿಂದ ಬಂದದ್ದಲ್ಲ, ಗೋಡೆ ಕಟ್ಟಿದವರಿಂದ ಬಂದದ್ದು ಎಂಬುದು ಹಿರ್ಷ್‌ಫೆಲ್ಡ್‌ಗೆ ಸ್ಪಷ್ಟವಾಗಿತ್ತು. ಸರ್ಬಿಯದ ಹೊಲಮನೆಗಳಲ್ಲಿ ಅದೇ ರೋಗವನ್ನು ಕಂಡಿದ್ದವರಲ್ಲವೇ ಅವರು?

ಘೆಟ್ಟೊದೊಳಗೆ ಅವರು ಸುಮ್ಮನೆ ಕೂರಲಿಲ್ಲ. ಆರೋಗ್ಯ ಮಂಡಳಿಯ ಮುಖ್ಯಸ್ಥರಾದರು. ಕೂರೆಯಿಂದ ಹೇಗೆ ಪಾರಾಗಬೇಕು, ರೋಗಿಯನ್ನು ಹೇಗೆ ಬೇರೆ ಇಡಬೇಕು ಎಂದು ಜನರಿಗೆ ತಿಳಿಸುವ ಕೆಲಸ ನಡೆಯಿತು. ಮೇಲ್ನೋಟಕ್ಕೆ ರೋಗ ತಡೆಯುವ ತರಬೇತಿ, ಒಳಗೊಳಗೆ ಪೂರ್ತಿ ವೈದ್ಯಕೀಯ ಕಾಲೇಜು! ಯಹೂದಿ ಯುವಕ ಯುವತಿಯರಿಗೆ ಓದು ನಿಷೇಧವಾಗಿದ್ದ ಕಾಲದಲ್ಲಿ ಹಸಿದ ಹೊಟ್ಟೆಯ ಆ ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳಿದರು. ಲ್ವೋವ್ ನಗರದ ರುಡಾಲ್ಫ್ ವೈಗಲ್ ಎಂಬ ವಿಜ್ಞಾನಿ ಕೂರೆಗಳ ಕರುಳಿನಿಂದಲೇ ಟೈಫಸ್‌ಗೆ ಲಸಿಕೆ ಮಾಡುತ್ತಿದ್ದರು. ಆ ಲಸಿಕೆ ಸ್ವಲ್ಪ ಸ್ವಲ್ಪವಾಗಿ ಘೆಟ್ಟೊದೊಳಗೆ ಕಳ್ಳಸಾಗಣೆಯಾಗಿ ಬರುತ್ತಿತ್ತು. ಆದರೆ ಲಕ್ಷಾಂತರ ಜನಕ್ಕೆ ಅದು ಎಲ್ಲಿ ಸಾಲುತ್ತದೆ?

1941ರ ಕೊನೆಗೆ, ಚಳಿಗಾಲದಲ್ಲಿ ಹೆಚ್ಚಬೇಕಿದ್ದ ಜ್ವರ ಇಳಿಯತೊಡಗಿತು. 2020ರಲ್ಲಿ ಕೆಲವು ವಿಜ್ಞಾನಿಗಳು ಗಣಿತದಿಂದ ಲೆಕ್ಕ ಹಾಕಿ ನೋಡಿದರು. ಒಳಗಿನ ವೈದ್ಯರೂ ಜನರೂ ಸೇರಿ ಮಾಡಿದ ಶುಚಿತ್ವದ ಕೆಲಸವೇ ಇದಕ್ಕೆ ಕಾರಣವಿರಬೇಕು ಎಂಬುದು ಅವರ ಅಭಿಪ್ರಾಯ.

ರೋಗದಿಂದ ಉಳಿದವರನ್ನು ಮನುಷ್ಯರು ಬಿಡಲಿಲ್ಲ. 1942ರ ಜುಲೈ 22ರಿಂದ ಎರಡು ತಿಂಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ರೈಲುಗಳಲ್ಲಿ ತುಂಬಿ ಟ್ರೆಬ್ಲಿಂಕಾ ಎಂಬಲ್ಲಿಗೆ ಕೊಲ್ಲಲು ಒಯ್ದರು. ಹಿರ್ಷ್‌ಫೆಲ್ಡ್ ಕುಟುಂಬ ಆ ಬೇಸಿಗೆಯಲ್ಲಿ ಹೇಗೋ ತಪ್ಪಿಸಿಕೊಂಡಿತು. ಹೆಸರು ಬದಲಿಸಿಕೊಂಡು ಹಳ್ಳಿಯಿಂದ ಹಳ್ಳಿಗೆ ಅಲೆದರು. ಮಗಳು ಮರಿಯಾ ಕಾಯಿಲೆಯಿಂದ ಸೊರಗಿ 1943ರಲ್ಲಿ ತೀರಿಕೊಂಡಳು. ಹಿರ್ಷ್‌ಫೆಲ್ಡ್ ಅಡಗಿದ್ದ ದಿನಗಳಲ್ಲೇ ತಮ್ಮ ಬದುಕಿನ ಕಥೆ ಬರೆದರು. ಅದು 1946ರಲ್ಲಿ ಪುಸ್ತಕವಾಯಿತು.

ಯುದ್ಧ ಮುಗಿದಾಗ ಅವರಿಗೆ 60 ದಾಟಿತ್ತು. ಹಾಳುಬಿದ್ದಿದ್ದ ವ್ರೋಟ್ಸ್‌ವಾಫ್ ನಗರಕ್ಕೆ ಹೋಗಿ ವೈದ್ಯಕೀಯ ಶಿಕ್ಷಣವನ್ನು ಮತ್ತೆ ಮೊದಲಿನಿಂದ ಕಟ್ಟಿದರು. ಆ ಊರೂ ನಿರಾಶ್ರಿತರದೇ. ಹಳೆಯ ನಿವಾಸಿಗಳಾದ ಜರ್ಮನರನ್ನು ಹೊರಗೆ ಕಳಿಸಲಾಗಿತ್ತು, ಪೂರ್ವದಲ್ಲಿ ನೆಲೆ ಕಳೆದುಕೊಂಡ ಪೋಲಿಷ್ ಜನ ಬಂದು ಸೇರುತ್ತಿದ್ದರು. ತಾಯಿಯ ರಕ್ತಕ್ಕೂ ಹೊಟ್ಟೆಯಲ್ಲಿರುವ ಮಗುವಿನ ರಕ್ತಕ್ಕೂ ಹೊಂದದಿದ್ದಾಗ ಮಗುವನ್ನು ಹೇಗೆ ಉಳಿಸಬೇಕು ಎಂಬುದು ಅವರ ಕೊನೆಯ ವರ್ಷಗಳ ಕೆಲಸ. 1954ರ ಮಾರ್ಚ್ 7ರಂದು ಅವರು ತೀರಿಕೊಂಡರು. ಹನ್ನಾ ಇನ್ನೂ ಹತ್ತು ವರ್ಷ ಬದುಕಿದ್ದರು. ಅಲ್ಲಿನ ರೋಗನಿರೋಧ ಸಂಶೋಧನಾ ಸಂಸ್ಥೆಗೆ ಹಿರ್ಷ್‌ಫೆಲ್ಡ್ ಹೆಸರಿದೆ.

ಅವರ ಕಾಲದಲ್ಲಿ ರಕ್ತದಲ್ಲಿ ಅಡಗಿ ಬರುವ ಕಾಮಾಲೆಯ ವೈರಸ್‌ಗಳನ್ನು ಯಾರೂ ಕಂಡಿರಲಿಲ್ಲ. 1960ರ ದಶಕದಲ್ಲಿ ಬಾರೂಕ್ ಬ್ಲಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ, ಹಿರ್ಷ್‌ಫೆಲ್ಡ್ ದಂಪತಿಯಂತೆಯೇ, ಬೇರೆಬೇರೆ ಜನರ ರಕ್ತವನ್ನು ಹೋಲಿಸುತ್ತಿದ್ದರು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅವರಿಗೊಂದು ಹೊಸ ವಸ್ತು ಸಿಕ್ಕಿತು. ಅದು ಹೆಪಟೈಟಿಸ್ ಬಿ ವೈರಸ್‌ನ ಹೊದಿಕೆ! ಹೀಗೆ ಆ ವೈರಸ್ ಯಾರ ರಕ್ತದಲ್ಲಿದೆ ಎಂದು ಪರೀಕ್ಷಿಸುವ ದಾರಿ ತೆರೆಯಿತು. ಬ್ಲಂಬರ್ಗ್‌ಗೆ 1976ರಲ್ಲಿ ನೊಬೆಲ್ ಬಂತು.

1975ರ ನಂತರ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್‌ಗಳಿಂದ ಲಕ್ಷಾಂತರ ನಿರಾಶ್ರಿತರು ಅಮೆರಿಕ ಸೇರಿದರು. ಅವರ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಹತ್ತಕ್ಕೂ ಹೆಚ್ಚು ಜನರಲ್ಲಿ ಹೆಪಟೈಟಿಸ್ ಬಿ ಇತ್ತು. ಅಮೆರಿಕದವರಲ್ಲಿ ನೂರಕ್ಕೆ ಒಬ್ಬರಲ್ಲೂ ಇರಲಿಲ್ಲ. ಮತ್ತೆ ಅದೇ ಹಳೆಯ ಪ್ರಶ್ನೆ: ಇದು ಅವರ ತಪ್ಪೇ? ಅವರಲ್ಲಿ ಬಹಳ ಮಂದಿಗೆ ಅದು ಎಳೆಗೂಸಾಗಿದ್ದಾಗ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಅಥವಾ ಬಾಲ್ಯದಲ್ಲಿ ಮನೆಯವರ ರಕ್ತ ತಾಗಿ ಬಂದಿತ್ತು. ಎಷ್ಟೋ ವರ್ಷ ಏನೂ ತೋರದೆ ಒಳಗೇ ಇದ್ದು ಮುಂದೆ ಯಕೃತ್ತನ್ನು ಕೆಡಿಸಬಲ್ಲ ವೈರಸ್ ಇದು. ಜೊತೆಗೆ ಕುಳಿತು ಉಂಡರೆ, ಕೈ ಕುಲುಕಿದರೆ, ಒಂದೇ ಬೆಂಚಿನಲ್ಲಿ ಕೂತರೆ ಇದು ಹರಡುವುದಿಲ್ಲ. ಸೋಂಕು ಎಲ್ಲಿದೆ ಎಂದು ಪರೀಕ್ಷೆಯಿಂದ ತಿಳಿದದ್ದರಿಂದ ಆ ಮನೆಗಳ ಹಸುಗೂಸುಗಳಿಗೆ ಲಸಿಕೆ ಕೊಡಲು ಸಾಧ್ಯವಾಯಿತು.

ಆ ಲಸಿಕೆ ನಿಮಗೂ ಸಿಕ್ಕಿರಬೇಕು. ನಮ್ಮ ದೇಶದಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಬೇಕು. ನಿಮ್ಮ ಅಮ್ಮ ಜೋಪಾನ ಮಾಡಿಟ್ಟಿರುವ ತಾಯಿ ಕಾರ್ಡನ್ನು ಕೇಳಿ ತೆಗೆಸಿ, ಹುಟ್ಟಿದ ದಿನದ ಲಸಿಕೆಗಳ ಸಾಲಿನಲ್ಲಿ ಅದರ ಹೆಸರಿದೆಯೇ ಹುಡುಕಿ ನೋಡಿ.